ಒಂದು ಚೊಂಬು ನೀರು

ಅಂಚೆಯಲ್ಲಿ ಬಂದ ಪದವಿ ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಎದೆಗವಚಿಕೊಂಡು ಯಶೋಧಾ ಅಕ್ಕೂರಿನ ಬಸ್ಸು ಹತ್ತಿದಳು. ಗಂಡ ತೀರಿಕೊಂಡ ಮೇಲೆ ಹಾರೋಹಳ್ಳಿಯ ಔಷಧಿ ಫ್ಯಾಕ್ಟರಿಯಲ್ಲಿ ಪಾಳಿ ದುಡಿಯುತ್ತಲೇ, ಅಂಚೆ ಪಾಠ ಓದಿ ಐದು ವರ್ಷಕ್ಕೆ ಗಿಟ್ಟಿಸಿದ ಬಿ.ಎ. ಅದು. ತೋರಿಸೋಣವೆಂದರೆ ಬಾಡಿಗೆ ರೂಮಿನಲ್ಲಿ ಗೋಡೆ ಬಿಟ್ಟು ಇನ್ಯಾರಿದ್ದಾರೆ? ಅಕ್ಕೂರಿನ ತಮ್ಮ ವೀರೇಂದ್ರನ ಮನೆಯೊಂದೇ ಉಳಿದದ್ದು.

ಪತ್ರದಲ್ಲಿ 'ಕಲಾ ಸ್ನಾತಕ' ಎಂದಿತ್ತು. ಅಂಚೆ ಪಾಠದವರಿಗೆ ನಡೆಯುವ ಭಾನುವಾರದ ತರಗತಿಯಲ್ಲಿ ಬಸವಲಿಂಗಯ್ಯ ಮೇಷ್ಟ್ರು ಅದರ ಮೂಲ ಹೇಳಿದ್ದರು.

"ಸ್ನಾತಕ ಅಂದ್ರೆ ಮಿಂದವನು. ಹಿಂದೆ ಓದು ಮುಗಿದ ಶಿಷ್ಯನಿಗೆ ಸ್ನಾನ ಮಾಡ್ಸಿ, ಹೊಸ ಬಟ್ಟೆ ಉಡ್ಸಿ ಮನೆಗೆ ಕಳಿಸ್ತಿದ್ರು. ನಿಮಗೆ ಪೋಸ್ಟ್‌ಮ್ಯಾನೇ ಗತಿ."

ತರಗತಿಯೆಲ್ಲ ನಕ್ಕಿತು, ಯಶೋಧಾ ನಗಲಿಲ್ಲ. ಅವಳ ತಲೆಗೆ ಇನ್ನೊಬ್ಬರ ಕೈಯಿಂದ ನೀರು ಬಿದ್ದು ಒಂಬತ್ತು ವರ್ಷವಾಗಿತ್ತು. ಗಂಡ ಸತ್ತ ದಿನ ಹೆಂಗಸರು ಸುತ್ತ ನಿಂತು ಸುರಿದದ್ದೇ ಕೊನೆ. ಅದರ ಮೇಲೆ ಸಂತೋಷದ್ದೊಂದು ಚೊಂಬು ಬೀಳಲಿ ಎಂಬುದಷ್ಟೇ ಅವಳ ಆಸೆ. ದೊಡ್ಡ ಆಸೆಯೇನಲ್ಲ.

ತಮ್ಮನ ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ ಮುಂಚಿನ, ಹಗಲೂ ರಾತ್ರಿ ಸೊಪ್ಪು ಹಾಕುವ ಹೊತ್ತು. ತಮ್ಮನ ಹೆಂಡತಿ ಉಮಾಮಹೇಶ್ವರಿ ಬಾಗಿಲಲ್ಲೇ ತಡೆದಳು.

"ಅಲ್ಲೇ ನಿಂತ್ಕ ಅಕ್ಕ! ಮೈಯೆಲ್ಲ ಔಸ್ದಿ ವಾಸ್ನೆ, ಹುಳಕ್ಕೆ ಆಗಾಕಿಲ್ಲ. ಮೊದ್ಲು ನೀರ್ ಹುಯ್ಕಂಡು ಬಾ. ಸೋಪ್ ಮುಟ್ಬ್ಯಾಡ."

ಯಶೋಧಾಳ ಎದೆ ಹಿಗ್ಗಿತು. ಕೇಳದೆಯೇ ಸ್ನಾನ ಸಿಕ್ಕಿತ್ತಲ್ಲ! ಪತ್ರವನ್ನು ನೀರು ಸಿಡಿಯದ ಗೋಡೆಗೂಡಿನಲ್ಲಿಟ್ಟು, ಬಚ್ಚಲಿಂದಲೇ ಕೂಗಿದಳು.

"ಉಮಾ, ಒಂದೇ ಒಂದು ಚೊಂಬು ನನ್ ತಲೆ ಮೇಲೆ ಹುಯ್ಯವ್ವ. ನಂದು ಬಿ.ಎ. ಆಯ್ತು."

"ಆಯ್ತಾ? ಒಳ್ಳೇದಾಯ್ತು ಬುಡು." ಉಮಾ ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟು ಬಾಗಿಲಾಚೆ ನಿಂತಳು. "ಕೈ ಒದ್ದೆಯಾದ್ರೆ ಸೊಪ್ಪು ಮುಟ್ಟಂಗಿಲ್ಲ ಕಣಕ್ಕ. ಒದ್ದೆ ಸೊಪ್ಪು ತಿಂದ್ರೆ ಹುಳ ಸತ್ತೋಯ್ತವೆ. ಒಸಿ ಬ್ಯಾಗ ಬಾ, ಆಳೂ ಬಂದಿಲ್ಲ."

ಉಮಾಳದು ಮೂರು ದಿನದಿಂದ ನಿದ್ದೆಗೆಟ್ಟ ಕಣ್ಣುಗಳು. ಅವಳ ಮೇಲೆ ಸಿಟ್ಟಾಗಲು ಯಶೋಧಾಗೆ ಆಗಲಿಲ್ಲ, ಅಳು ಮಾತ್ರ ಬಂತು.

ಕದ ಹಾಕಿಕೊಂಡು ಚೊಂಬು ತುಂಬಿದಳು. ಯಾರೋ ಹಿಂದೆ ನಿಂತಿದ್ದಾರೆ ಎಂದುಕೊಂಡು ಕಣ್ಣು ಮುಚ್ಚಿ ತಲೆ ಬಾಗಿಸಿದಳು. ಆದರೆ ತನ್ನದೇ ಕೈಯಾದ್ದರಿಂದ ನೀರು ಯಾವಾಗ ಬೀಳುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು.

ಆಮೇಲೆ ಕೈಗಳನ್ನು ಚೆನ್ನಾಗಿ ಒರೆಸಿಕೊಂಡು, ಸೊಪ್ಪು ಹಾಕಲು ಹುಳದ ಮನೆಗೆ ಹೋದಳು.