2714ರ ಮುಂದೆ ಇಪ್ಪತ್ತಮೂರು ಮಂದಿ

ಮನುಷ್ಯರಿಗಿಂತ ಎಂಜಿನುಗಳ ಮೇಲೆ ನನಗೆ ಗೌರವ ಹೆಚ್ಚು. ಎಂಜಿನು ಮುಖಕ್ಕೆ ಹೊಗೆ ಬಿಟ್ಟರೂ ಮದುವೆ ಯಾವಾಗ ಎಂದು ಕೇಳುವುದಿಲ್ಲ. ನಾನು ವಾಲ್ಟರ್, ಕುಲಶೇಖರದಲ್ಲಿ ಗಣಿತದ ಮಾಸ್ತರ. ಹದಿಮೂರು ವರ್ಷ ಪ್ರತಿ ಶನಿವಾರ ರೈಲ್ವೆ ಯಾರ್ಡಿನ ಬೇಲಿಗೆ ಆತು ನಿಂತು, ಬಂದುಹೋಗುವ ಎಂಜಿನುಗಳ ನಂಬ್ರ ಬರೆದುಕೊಂಡವನು. ನೋಟುಬುಕ್ಕಿನಲ್ಲಿ ಮೂರು ಕಾಲಂ: ನಂಬ್ರ, ತಾರೀಕು, ಫೋಟೋ. ನಲವತ್ತೊಂದು ಎಂಜಿನುಗಳನ್ನು ನನ್ನ ಡಬ್ಬಿ ಕೆಮರಾದಲ್ಲಿ ಹಿಡಿದಿದ್ದೆ. 2714 ಮಾತ್ರ ಸಿಕ್ಕಿರಲಿಲ್ಲ. ನಾನು ಕೆಮರಾ ಎತ್ತಿದ ಕೂಡಲೇ ಅದು ಹಬೆ ಬಿಟ್ಟು ಮುಖ ಮುಚ್ಚಿಕೊಳ್ಳುತ್ತಿತ್ತು.

2714 ನನ್ನ ಅಪ್ಪ ಲ್ಯಾನ್ಸಿ ಓಡಿಸುತ್ತಿದ್ದ ಎಂಜಿನು. ಐವತ್ತೊಂದರಲ್ಲಿ ಡ್ಯೂಟಿಗೆಂದು ಶೊರನೂರಿಗೆ ಹೋದ ಅಪ್ಪ ಅಲ್ಲೇ ಜ್ವರದಲ್ಲಿ ತೀರಿಕೊಂಡರು. ಟೆಲಿಗ್ರಾಂ ನಮ್ಮ ಕೈ ಸೇರುವಾಗ ಮಣ್ಣು ಮಾಡಿ ಆಗಿತ್ತು. ನಮ್ಮ ಕ್ರೈಸ್ತರ ಮನೆಗಳಲ್ಲಿ, ತೀರಿಕೊಂಡವರ ಪೆಟ್ಟಿಗೆಯ ಸುತ್ತ ಎಲ್ಲರೂ ನಿಂತು ಒಂದು ಫೋಟೋ ತೆಗೆಸಿ ಗೋಡೆಗೆ ಹಾಕದಿದ್ದರೆ ಆ ಸಾವು ಅರ್ಧಕ್ಕೇ ನಿಂತಂತೆ. ಅಮ್ಮ ಮಟಿಲ್ಡಾ ಅದಕ್ಕೆಂದು ಹೊಡೆದ ಮೊಳೆಯಲ್ಲಿ ಹದಿಮೂರು ವರ್ಷದಿಂದ ಕ್ಯಾಲೆಂಡರು ನೇತಾಡುತ್ತಿತ್ತು. ಅಪ್ಪನದ್ದೆಂದು ನನಗೆ ಉಳಿದದ್ದು ಆ ಎಂಜಿನು ಒಂದೇ.

ಅರುವತ್ತನಾಲ್ಕರ ಮಾರ್ಚಿನಲ್ಲಿ ಅದನ್ನೂ ಗುಜರಿಗೆ ಹಾಕುತ್ತಾರೆಂದು ತಿಳಿಯಿತು. ಶನಿವಾರ ಹನ್ನೊಂದು ಗಂಟೆಗೆ ಬೇರೊಂದು ಎಂಜಿನು ಬಂದು ಎಳೆದುಕೊಂಡು ಹೋಗುವುದಿತ್ತು. ನಾನು ಕೆಮರಾ ಹಿಡಿದು ಯಾರ್ಡಿನ ಅಧಿಕಾರಿ ಮೋಹನದಾಸರ ಬಳಿಗೆ ಓಡಿದೆ. ಚೀನಾ ಯುದ್ಧದ ನಂತರ ಎಂಜಿನಿನ ಫೋಟೋ ತೆಗೆಯುವಂತಿಲ್ಲ, ವೈರಿಗಳಿಗೆ ಉಪಯೋಗವಾಗ್ತದೆ ಎಂದರು. ಗುಜರಿ ಎಂಜಿನು ಯಾವ ವೈರಿಗೆ ಬೇಕು ಎಂದು ನಾನು ಸಿಟ್ಟಿನಿಂದ ಕೇಳಿದೆ. ಅವರು ನಿಯಮದ ಪುಸ್ತಕ ತಿರುವಿ, ಅದರೊಳಗೇ ಒಂದು ದಾರಿ ಹುಡುಕಿದರು.

"ಕುಟುಂಬದ ಫೋಟೋ ತೆಗೆಯಬಹುದು. ಹಿಂದೆ ಎಂಜಿನು ಇದ್ದರೆ ಅದು ಎಂಜಿನಿನ ತಪ್ಪು. ಆದರೆ ಸ್ಟುಡಿಯೋದವರೇ ತೆಗೆಯಬೇಕು. ನೀವು ತೆಗೆದರೆ ಅದು ಎಂಜಿನಿನ ಫೋಟೋ ಆಗ್ತದೆ."

ನಮ್ಮ ಕಡೆ ಸ್ಟುಡಿಯೋದವನೆಂದರೆ ಬೆನೆಡಿಕ್ಟ್. ಮದುವೆಗೆ ಪೇಟೆಯವರನ್ನು ಕರೆಯುತ್ತಾರೆ, ಸಾವಿಗೆ ಅವನನ್ನು. ಅವನಿಗೆ ವಿಷಯವನ್ನು ಬಿಡಿಸಿ ಹೇಳಿದೆ. ಅವನು ಎಂಜಿನು ಎಷ್ಟು ಉದ್ದ ಉಂಟು ಎಂದಷ್ಟೇ ಕೇಳಿದ. ನಾನು ಮಾಡಿದ ತಪ್ಪು ಬೇರೆ. ಶನಿವಾರ ಬೆನೆಡಿಕ್ಟ್ ಬರ್ತಾನೆ, ಹತ್ತಕ್ಕೆ ಎಲ್ಲರೂ ಯಾರ್ಡಿಗೆ ಬನ್ನಿ ಎಂದು ನೆಂಟರಿಗೆ ಹೇಳಿ ಕಳಿಸಿದೆ. ಬೆನೆಡಿಕ್ಟ್ ಬರ್ತಾನೆ ಎಂದಮೇಲೆ ಯಾರೂ ಹೆಚ್ಚು ಕೇಳುವುದಿಲ್ಲ, ಕಪ್ಪು ಬಟ್ಟೆ ಹುಡುಕುತ್ತಾರೆ.

ಇಪ್ಪತ್ತೆರಡು ಮಂದಿ ಬಂದರು, ನಾನು ಸೇರಿ ಇಪ್ಪತ್ತಮೂರು. ಬಿಸಿಲಲ್ಲಿ ಕಪ್ಪು ಕೋಟುಗಳಿಂದ ನುಸಿಗುಳಿಗೆಯ ವಾಸನೆ ಏಳುತ್ತಿತ್ತು. ಅಪ್ಪನ ಅಕ್ಕ ಉರ್ಸುಲಾ ಹೂವಿನ ಚಕ್ರವನ್ನೇ ತಂದಿದ್ದಳು. ಸತ್ತದ್ದು ಯಾರೂ ಅಲ್ಲ, ಗುಜರಿಗೆ ಹೋಗುವುದು ಎಂಜಿನು ಎಂದು ನಾನು ಸಾರಿ ಹೇಳಿದೆ. ಒಬ್ಬರೂ ವಾಪಸು ಹೋಗಲಿಲ್ಲ. ಕೋಟು ಹಾಕಿಯಾಗಿತ್ತು. ಉರ್ಸುಲಾ ಹೂವಿನ ಚಕ್ರವನ್ನು ಎಂಜಿನಿನ ಮುಂದಿನ ಬಫರಿಗೆ ತೂಗುಹಾಕಿ ನನ್ನ ಕೈ ಹಿಡಿದುಕೊಂಡಳು. ತುಂಬ ನರಳಿತೇ ಎಂದು ಕೇಳಿದಳು. ಎರಡು ವರ್ಷದಿಂದ ಬಾಯ್ಲರು ಸೋರುತ್ತಿತ್ತು ಎಂದೆ. ಹಾಗಾದರೆ ಹೋದದ್ದೇ ಒಳ್ಳೆಯದಾಯಿತು ಎಂದಳು. ಮೋಹನದಾಸರು ದೂರದಲ್ಲಿ ಟೊಪ್ಪಿ ತೆಗೆದು ನಿಂತಿದ್ದರು, ಯಾವ ನಿಯಮದ ಪ್ರಕಾರವೋ ಗೊತ್ತಿಲ್ಲ.

ಬೆನೆಡಿಕ್ಟ್ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಜನರನ್ನು ನಿಲ್ಲಿಸತೊಡಗಿದ. ಹತ್ತಿರದವರು ತಲೆಯ ಕಡೆ, ದೂರದವರು ಕಾಲಿನ ಕಡೆ. ಎಂಜಿನಿನ ತಲೆ ಯಾವುದು ಎಂಬಲ್ಲಿ ಕೆಲಸ ನಿಂತಿತು. ಹೊಗೆ ಕೊಳವೆ ಇರುವುದೇ ತಲೆ ಎಂದು ಕೆಲವರು, ಬುದ್ಧಿ ಇರುವುದು ಡ್ರೈವರನ ಕಡೆ ಎಂದು ಕೆಲವರು. ಮೋಹನದಾಸರನ್ನು ಕೇಳಿದರೆ ಅದು ತಮ್ಮ ಪುಸ್ತಕದಲ್ಲಿ ಇಲ್ಲವೆಂದರು. ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಆಗ ಅಮ್ಮ ನಡೆದು ಹೋಗಿ, ಅಪ್ಪ ಹತ್ತುತ್ತಿದ್ದ ಮೆಟ್ಟಿಲ ಪಕ್ಕದ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಳು. ಅಲ್ಲಿಗೆ ವಾದ ಮುಗಿಯಿತು.

ಬೆನೆಡಿಕ್ಟ್ ಪೆಟ್ಟಿಗೆಯ ಫೋಟೋಕ್ಕೆ ನಿಲ್ಲುವಷ್ಟೇ ಹತ್ತಿರ ಕೆಮರಾ ನಿಲ್ಲಿಸಿದ. ಎಲ್ಲರನ್ನೂ ಭುಜಕ್ಕೆ ಭುಜ ಒತ್ತಿದ. ಹಿಂದೆ ಹೋಗು, ನಂಬ್ರ ಮರೆಯಾಗ್ತದೆ ಎಂದು ನಾನು ಅಮ್ಮನ ಪಕ್ಕದಿಂದ ಕೂಗಿದೆ. ದುಃಖದ ಮನೆಯವರು ಕೂಗುವುದು ಅವನಿಗೆ ಹೊಸತಲ್ಲ, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಳೆಯುವ ಎಂಜಿನು ಸಿಳ್ಳು ಹಾಕಿತು. ಅವನು ಒಂದೇ ಒಂದು ಫೋಟೋ ತೆಗೆದ.

ಹನ್ನೊಂದಕ್ಕೆ 2714 ಹೂವಿನ ಚಕ್ರದ ಸಮೇತ ನೇತ್ರಾವತಿ ಸೇತುವೆಯ ಕಡೆಗೆ ಹೋಯಿತು.

ವಾರದ ನಂತರ ಚೌಕಟ್ಟು ಹಾಕಿದ ಫೋಟೋ ಬಂತು. ಇಪ್ಪತ್ತಮೂರು ಮುಖ, ಹಿಂದೆ ಒಂದು ಕಪ್ಪು ಗೋಡೆ. ಗಾಲಿ ಇಲ್ಲ, ಕೊಳವೆ ಇಲ್ಲ, ನಂಬ್ರ ಇಲ್ಲ. ಬೆನೆಡಿಕ್ಟನನ್ನು ಬಾಯಿಗೆ ಬಂದಂತೆ ಬೈದೆ. ಎಂಜಿನು ಎಲ್ಲಿ ಉಂಟು ತೋರಿಸಿ ಎಂದು ಫೋಟೋವನ್ನು ಅಮ್ಮನ ಮುಂದೆ ಹಿಡಿದೆ.

ಅಮ್ಮ ಕ್ಯಾಲೆಂಡರನ್ನು ಮೊಳೆಯಿಂದ ತೆಗೆಯುತ್ತಿದ್ದಳು.

"ಪೆಟ್ಟಿಗೆಯಲ್ಲಿದ್ದವರು ಯಾವ ಫೋಟೋದಲ್ಲಿಯೂ ಸರಿಯಾಗಿ ಕಾಣುವುದಿಲ್ಲ ಪುತಾ," ಎಂದಳು. "ಬಂದವರು ಕಾಣ್ತಾರೆ."

ಅವಳು ಆ ಮೊಳೆಗೆ ಫೋಟೋವನ್ನು ತೂಗುಹಾಕಿ, ಸೆರಗಿನಿಂದ ಗಾಜು ಒರೆಸಿ ಅಡುಗೆಮನೆಗೆ ಹೋದಳು. ನಾನು ನಂಬ್ರ ಹುಡುಕಲು ಹತ್ತಿರ ಹೋಗಿ ನೋಡಿದೆ. ಅಮ್ಮ ಹಿಡಿಕೆ ಹಿಡಿದು ನೆಟ್ಟಗೆ ನಿಂತಿದ್ದಳು. ಪಕ್ಕದಲ್ಲಿ ನಾನು. ಆ ಹೊತ್ತು ನಾನು ಬೆನೆಡಿಕ್ಟನ ಮೇಲೆ ಸಿಟ್ಟಿನಲ್ಲಿ ಕೂಗುತ್ತಿದ್ದೆ ಎಂದೇ ನನ್ನ ನೆನಪು. ಫೋಟೋದಲ್ಲಿ ನೋಡಿದರೆ ಅಳುತ್ತಿದ್ದೇನೆ.