ಇಬ್ಬರೂ ಒಂದೇ ಚೌಕಟ್ಟಿನಲ್ಲಿ

ಹೂಂ ಅಂದುಬಿಟ್ಟೆನಲ್ಲ, ಇಬ್ಬರಿಗೂ!

ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದ ಮಗಳು ಇದೊಂದನ್ನೇ ಮನಸ್ಸಿನೊಳಗೆ ತಿರುವಿ ತಿರುವಿ ನೋಡುತ್ತಿದ್ದಳು. ಹೋದ ವಾರ ಅಪ್ಪ ಬಚ್ಚಲಿನ ನಲ್ಲಿಗೆ ವಾಷರ್ ಹಾಕುತ್ತ, ಅವಳ ಮುಖ ನೋಡದೆ, "ಹೊಸ ರೂಮಲ್ಲಿ ಕಿಟಕಿ ಪಕ್ಕ ನಿನ್ ಮಂಚಕ್ಕೆ ಜಾಗ ಮಾಡಿದೀನಿ ಮರಿ. ಬರ್ತೀಯಲ್ಲ?" ಎಂದಿದ್ದ. ಹೂಂ ಅಂದಿದ್ದಳು. ಮರುದಿನ ಅಮ್ಮ ಒಣಗಿದ ಬಟ್ಟೆ ಮಡಚುತ್ತ, "ಬೇಕರಿ ಮೇಲಿನ ಮನೇಲಿ ಅರ್ಧ ಬೀರು ನಿಂಗೇ ಬಿಟ್ಟಿದೀನಿ ಪುಟ್ಟಿ. ನನ್ ಜೊತೇನೇ ತಾನೆ?" ಎಂದಿದ್ದಳು. ಅದಕ್ಕೂ ಹೂಂ. ಅವಳ ಹೂಂ ಎಂದೂ ಒಪ್ಪಿಗೆಯಾಗಿರಲಿಲ್ಲ. ಚಿಕ್ಕಂದಿನಿಂದಲೂ ಅದು ಮಾತಿನಿಂದ ಮೆಲ್ಲಗೆ ಜಾರಿಕೊಳ್ಳಲು ಅವಳು ಇಟ್ಟುಕೊಂಡಿದ್ದ ಹಿತ್ತಲ ಬಾಗಿಲು. ಆದರೆ ಅದು ಅವಳಿಗೆ ಮಾತ್ರ ಗೊತ್ತಿತ್ತು.

"ಸರ್ ಕಾಣಿಸ್ತಿಲ್ಲ. ಬರೀ ಮೊಣಕೈ ಕಾಣ್ತಿದೆ," ಎಂದರು ಫೋನಿನೊಳಗಿಂದ ವಕೀಲೆ. "ಇಬ್ರೂ ಒಂದೇ ಫ್ರೇಮಲ್ಲಿ ಬರಬೇಕು. ಇನ್ನೂ ಸ್ವಲ್ಪ ಹತ್ತಿರ ಕೂತ್ಕೊಳ್ಳಿ."

ಅಮ್ಮ ಒಂದು ಗೇಣು ಸರಿದಳು. ಅಪ್ಪ ಅರ್ಧ ಗೇಣು ಸರಿದ. ಸೋಫಾದ ನಡುವೆ ಸದಾ ಮಡಚಿದ ಬಟ್ಟೆಯೋ ಹಳೆ ಪೇಪರೋ ಮಗಳೋ ಇರುತ್ತಿದ್ದ ಜಾಗ ಈಗ ಖಾಲಿಯಾಗಿ ಕಿರಿದಾಯಿತು.

"ಮದುವೆ ದಿನ ಫೋಟೋದವನೂ ಹೀಗೇ ಅಂದಿದ್ದ," ಎಂದ ಅಪ್ಪ, ಮಗಳ ಕಡೆ ತಿರುಗಿ.

"ಆಗ್ಲೂ ನಾನೇ ಜಾಸ್ತಿ ಸರಿದಿದ್ದು ಅಂತ ಹೇಳು ನಿಮ್ಮಪ್ಪನಿಗೆ," ಎಂದಳು ಅಮ್ಮ, ಅವಳೂ ಮಗಳ ಕಡೆಗೇ.

ಇಬ್ಬರ ಭುಜಗಳೂ ತಾಗಿದವು. ಹಾಗೆ ತಾಗಿದ್ದನ್ನು ಮಗಳು ಎಂದು ನೋಡಿದ್ದಳೋ ಅವಳಿಗೆ ನೆನಪಾಗಲಿಲ್ಲ. ಬೇರೆಯಾಗಲಿಕ್ಕೂ ಇಷ್ಟು ಹತ್ತಿರ ಬರಬೇಕಾಯಿತಲ್ಲ ಎನಿಸಿ, ನೋಡಲಾಗದೆ ಫೋನಿನ ಹಿಂದಕ್ಕೆ ಹೋಗಿ ನೆಲದ ಮೇಲೆ ಕೂತಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಜಗಳವಾಗಿದ್ದರೆ ತಾನೆ ಮುಗಿಯಲು? ಯಾವಾಗಲೋ ಒಮ್ಮೆ ಮಾತು ನಿಂತಿತು. ಯಾಕೆ ನಿಂತಿತೆಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಿದ್ದರು, ಎರಡೂ ಸಣ್ಣವೇ. ಅಂದಿನಿಂದ ಮನೆಯ ಮಾತೆಲ್ಲ ಮಗಳ ಮೂಲಕವೇ ಹಾದುಹೋಗುತ್ತಿತ್ತು. "ಊಟ ಬೇಡ ಅನ್ನು ನಿಮ್ಮಮ್ಮನಿಗೆ" ಎಂದು ಅಪ್ಪ ಹೇಳಿದರೆ ಅದು ಅಡುಗೆಮನೆ ತಲುಪುವಷ್ಟರಲ್ಲಿ "ಮುಚ್ಚಿಡ್ಬೇಕಂತೆ, ಆಮೇಲೆ ತಿಂತಾರಂತೆ" ಎಂದಾಗಿರುತ್ತಿತ್ತು. "ದುಡಿದು ಯಾರಿಗೆ ತಂದುಹಾಕ್ತಾರಂತೆ?" ಎಂದು ಅಮ್ಮ ಕಿಡಿಕಾರಿದರೆ "ಅಮ್ಮ ಕೇಳಿದ್ರು, ಇವತ್ತು ತುಂಬಾ ಕೆಲಸ ಇತ್ತಾ ಅಂತ" ಎಂದು ತಣ್ಣಗಾಗುತ್ತಿತ್ತು. ಕಡ್ಡಿಯನ್ನು ಗುಡ್ಡ ಮಾಡುವವರನ್ನು ಲೋಕ ನೋಡಿದೆ. ಈ ಹುಡುಗಿ ಗುಡ್ಡವನ್ನು ಕಡ್ಡಿ ಮಾಡಿ ಮಾಡಿ ಬೆಳೆದವಳು. ಡಿಗ್ರಿ ಮುಗಿದ ಮೇಲೆ ಸಿಕ್ಕ ಕೆಲಸವೂ ಅಂಥದೇ. ಒಂದು ಕಂಪನಿಗೆ ಗಿರಾಕಿಗಳು ಬರೆಯುವ ಬೈಗುಳಗಳಿಗೆ ಮನೆಯಲ್ಲೇ ಕೂತು, "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಎಂದು ಟೈಪು ಮಾಡುವುದು. ಬಾಯಿಬಿಟ್ಟು ಮಾತಾಡಬೇಕಿಲ್ಲ ಎನ್ನುವ ಕಾರಣಕ್ಕೇ ಅದನ್ನು ಆರಿಸಿಕೊಂಡಿದ್ದಳು.

ಚಳಿಗಾಲದ ಕೊನೆಯಲ್ಲಿ ಯಾವುದೋ ಪರೀಕ್ಷೆ ಬರೆಯಲು ಅವಳು ಬೇರೆ ಊರಿಗೆ ಹೋಗಬೇಕಾಯಿತು. ಹಿಂದಿರುಗಿ ಬಾಗಿಲು ತೆಗೆದರೆ ಊಟದ ಮೇಜಿನ ಎರಡು ಬದಿಗೆ ಅಪ್ಪ ಅಮ್ಮ ಎದುರುಬದುರು ಕೂತು ಮಾತಾಡುತ್ತಿದ್ದರು. ನಡುವೆ ಎರಡು ಲೋಟ ಟೀ. ಬ್ಯಾಗು ಕೆಳಗಿಡುವುದನ್ನೂ ಮರೆತು ಅವಳು ಹಾಗೇ ನಿಂತಿದ್ದಳು. ಎದೆಯಲ್ಲಿ ಏನೋ ಗರಿಗೆದರಿತ್ತು.

"ಬಂದ್ಯಾ? ಒಳ್ಳೇದಾಯ್ತು," ಎಂದಿದ್ದಳು ಅಮ್ಮ. "ನಾವಿಬ್ರೂ ಒಂದು ತೀರ್ಮಾನಕ್ಕೆ ಬಂದಿದೀವಿ."

ನಾವಿಬ್ರೂ. ಆ ಮಾತನ್ನು ಅಮ್ಮನ ಬಾಯಲ್ಲಿ ಕೇಳಲು ಅವಳು ಎಷ್ಟು ಕಾದಿದ್ದಳು! ಅದು ಬಂದದ್ದು ಹೀಗೆ.

ವಕೀಲೆಯನ್ನು ಹುಡುಕಿದ್ದೂ ಅವಳೇ. ಇನ್ಯಾರು ಹುಡುಕಬೇಕು? "ಕೋರ್ಟು ಕಟ್ಟೆ ಹತ್ತೋಕೆ ನಂಗೆ ರಜೆ ಇಲ್ಲ, ಅಷ್ಟು ಖರ್ಚೂ ಬೇಡ. ಈಗೆಲ್ಲಾ ನೆಟ್ಟಲ್ಲೇ ಆಗುತ್ತಂತಲ್ಲ, ನೋಡು ಮರಿ," ಎಂದಿದ್ದ ಅಪ್ಪ. "ಮದುವೆಗೆ ಬಂಧುಬಳಗ ಎಲ್ಲಾ ಬೇಕಿತ್ತು, ಇದಕ್ಕೆ ನೆಟ್ ಇದ್ರೆ ಸಾಕು," ಎಂದು ತಾನೇ ನಕ್ಕಿದ್ದ. ಜಗಳವಿಲ್ಲದ ವಿಚ್ಛೇದನ, ಮನೆಯಿಂದಲೇ, ಕೈಗೆಟಕುವ ಶುಲ್ಕದಲ್ಲಿ. ಜಾಹೀರಾತಿನ ಕೆಳಗೆ ಯಾರೋ ಐದು ನಕ್ಷತ್ರ ಒತ್ತಿ, ತುಂಬಾ ಖುಷಿಯಾಯಿತು, ಎಲ್ಲರಿಗೂ ಹೇಳುತ್ತೇನೆ ಎಂದು ಬರೆದಿದ್ದರು. ಅದನ್ನು ಓದಿ ಮಗಳಿಗೆ ನಗು ಬಂದಿತ್ತು, ಆದರೂ ಆ ನಂಬರನ್ನೇ ಬರೆದುಕೊಂಡಿದ್ದಳು.

"ಒಂದು ಮಾತು ಮೊದಲೇ ಹೇಳ್ಬಿಡ್ತೀನಿ," ಎನ್ನುತ್ತಿದ್ದರು ವಕೀಲೆ. ಅವರ ಹಿಂದೆ ಪುಸ್ತಕದ ಕಪಾಟು, ಅದರ ಮೇಲೆ ಬೆಕ್ಕೊಂದು ಮಲಗಿತ್ತು. "ಎಲ್ಲಾದ್ರಲ್ಲೂ ಇಬ್ರದ್ದೂ ಒಪ್ಪಿಗೆ ಇದ್ರೆ ಇವತ್ತೇ ಕೋರ್ಟಿಗೆ ಆನ್‌ಲೈನಲ್ಲಿ ಕಳಿಸ್ತೀನಿ. ಒಂದೇ ಒಂದು ತಕರಾರು ಬಂತೋ, ಈ ದಾರಿ ಮುಚ್ಚಿಹೋಯ್ತು. ಆಮೇಲೆ ನಿಮಗೊಬ್ರು ವಕೀಲ್ರು, ಅವರಿಗೊಬ್ರು, ವರ್ಷಗಟ್ಟಲೆ ಓಡಾಟ. ಗೊತ್ತಾಯ್ತಲ್ಲ? ಈಗ ಒಬ್ಬೊಬ್ರನ್ನೇ ಕೇಳ್ಬೇಕು. ಮೇಡಂ, ಸ್ವಲ್ಪ ಹೊರಗಿರ್ತೀರಾ? ಅಲ್ಲಿ ಮತ್ತೆ ಯಾರಿದಾರೆ?"

"ಮಗಳು. ಅವಳು ಲೆಕ್ಕಕ್ಕಿಲ್ಲ, ಫೋನ್ ನೋಡ್ಕೊಳ್ತಿದಾಳೆ," ಎಂದ ಅಪ್ಪ.

ಅಮ್ಮ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡಳು. ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ವಕೀಲೆ ಕೇಳಿದರು. ಅಪ್ಪ ಅಂಗೈಯ ಗ್ರೀಸಿನ ಗೆರೆಗಳನ್ನು ನೋಡಿಕೊಂಡ. "ಛೆ ಛೆ, ಬಲವಂತ ಎಲ್ಲಿ ಬಂತು. ಒಳ್ಳೆಯವಳೇ ಮೇಡಂ. ಬೇಕರೀಲಿ ಕೇಕಿನ ಮೇಲೆ ಊರವರ ಹೆಸರನ್ನೆಲ್ಲ ಎಷ್ಟು ಚೆಂದ ಬರೀತಾಳೆ ಗೊತ್ತಾ? ನನ್ನ ಮಾತ್ರ ಕರೆದೇ ಎಷ್ಟೋ ವರ್ಷ ಆಯ್ತು."

ಅಪ್ಪ ಎದ್ದು ಬಾಲ್ಕನಿಗೆ ಹೋದ ಮೇಲೆ ಅಮ್ಮ ಬಂದಳು. ಅದೇ ಪ್ರಶ್ನೆ.

"ಇಲ್ಲಪ್ಪ. ಇವ್ರೇನು ಕೆಟ್ಟೋರಲ್ಲ," ಎಂದಳು. "ಲಿಫ್ಟ್ ರಿಪೇರಿ ಕೆಲಸ ಇವ್ರದ್ದು. ಯಾರೋ ಒಳಗೆ ಸಿಕ್ಕಿಹಾಕ್ಕೊಂಡ್ರೆ ಫೋನಲ್ಲೇ ಸಮಾಧಾನ ಮಾಡ್ತಾರೆ. ಹೆದರ್ಬೇಡಿ, ಉಸಿರು ನಿಧಾನವಾಗಿ ತಗೊಳ್ಳಿ, ನಾನು ಹೊರಟೆ ಅಂತ. ಗುರುತಿಲ್ಲದವ್ರಿಗೆ! ಎಷ್ಟು ಮೆತ್ತಗೆ ಅಂತೀರಿ. ನಾನೂ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರೆ ನನ್ ಹತ್ರನೂ ಮಾತಾಡ್ತಿದ್ರೇನೋ." ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಬರ್ಕೊಳ್ಳಿ ಮೇಡಂ. ಬಲವಂತ ಇಲ್ಲ."

ನೆಲದ ಮೇಲೆ ಕೂತಿದ್ದ ಮಗಳಿಗೆ ಕಾಲು ಜೋಮು ಹಿಡಿದಿತ್ತು. ಅಪ್ಪ ಹೇಳಿದ್ದನ್ನು ಅಮ್ಮನಿಗೆ, ಅಮ್ಮ ಹೇಳಿದ್ದನ್ನು ಅಪ್ಪನಿಗೆ ದಾಟಿಸಿದ್ದರೆ? ಈ ಸಲವಂತೂ ಒಂದಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ. ನಾಲಿಗೆ ತುದಿಗೆ ಬಂತು. ಆದರೆ ಅಪ್ಪ ಆಗಲೇ ಒಳಗೆ ಬಂದು, ಹೇಳಿಸಿಕೊಳ್ಳದೆಯೇ ಭುಜ ತಾಗುವಂತೆ ಕೂತಿದ್ದ, ಇಬ್ಬರೂ ಕ್ಯಾಮೆರಾದತ್ತ ನೋಡುತ್ತಿದ್ದರು.

ವಕೀಲೆ ಒಪ್ಪಂದ ಓದತೊಡಗಿದರು. ಬ್ಯಾಂಕಿನ ಖಾತೆಗಳು ಅವರವರಿಗೆ. ಈ ಬಾಡಿಗೆ ಮನೆ ತಿಂಗಳ ಕೊನೆಗೆ ಖಾಲಿ. ಇಬ್ಬರೂ ಸರದಿಯಂತೆ "ಸರಿ", "ಸರಿ" ಎನ್ನುತ್ತಿದ್ದರು.

"ಫ್ರಿಜ್ಜು, ವಾಷಿಂಗ್ ಮೆಷಿನ್ನು, ಊಟದ ಮೇಜು ಮಗಳು ಇರುವ ಮನೆಗೆ. ಇದಕ್ಕೆ ಇಬ್ರದ್ದೂ ಒಪ್ಪಿಗೆ ಇದೆ, ಸಂತೋಷ. ಆದ್ರೆ ಇಲ್ಲಿ ವಿಳಾಸ ಹಾಕಿಲ್ಲ. ಯಾರ ಮನೆ?"

"ನಂದು," ಎಂದರು ಅಪ್ಪ ಅಮ್ಮ, ಒಟ್ಟಿಗೆ.

ಮಗಳ ಕಿವಿ ಬಿಸಿಯಾಯಿತು. ಆ ಸಾಲನ್ನು ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಹೇಳಿ ಬರೆಸಿದ್ದರು. ಇಬ್ಬರೂ ಉದಾರವಾಗಿ ಬಿಟ್ಟುಕೊಟ್ಟಿದ್ದರು, ಯಾಕೆಂದರೆ ಇಬ್ಬರ ಕಿಸೆಯಲ್ಲೂ ಅವಳ ಒಂದೊಂದು ಹೂಂ ಇತ್ತು.

"ನಿಮ್ಮದು ಹೇಗಾಗುತ್ತೆ?" ಅಮ್ಮ ಅಪ್ಪನ ಕಡೆ ತಿರುಗಿದಳು. ನೇರವಾಗಿ. "ಅವಳು ನನ್ ಹತ್ರ ಬರ್ತೀನಿ ಅಂದಿದಾಳೆ."

"ನಿನಗ್ಯಾವಾಗ ಅಂದ್ಲು? ಕಿಟಕಿಗೆ ಪರದೆ ಕೂಡ ತಂದಿಟ್ಟಿದೀನಿ ನಾನು."

"ಪರದೆ ಕಟ್ಕೊಂಡು ಏನ್ ಮಾಡ್ತಾಳೆ? ಹಗಲೂ ರಾತ್ರಿ ಲಿಫ್ಟು ಲಿಫ್ಟು ಅಂತ ಓಡ್ತೀರಿ. ಅವಳಿಗೆ ಜ್ವರ ಬಂದ್ರೆ ಯಾರಿರ್ತಾರೆ?"

"ನಿನ್ ಬೇಕರಿ ಒಲೆ ಮೇಲೆ ಅವಳನ್ನ ಬೇಯಿಸ್ತೀಯಾ? ಅಲ್ಲಿ ಸೆಕೆ ಹೇಗಿರುತ್ತೆ ಗೊತ್ತಾ ನಿನಗೆ?"

"ಓಹೋ, ನಾನು ಬೇಯೋದು ಈಗ ಗೊತ್ತಾಯ್ತಾ ನಿಮಗೆ!"

"ನೋಡಿ, ಇದು ತಕರಾರು ಆಯ್ತು," ಎಂದರು ವಕೀಲೆ. "ಮಗಳು ವಯಸ್ಸಿಗೆ ಬಂದವಳು, ಅದು ಅವಳ ಇಷ್ಟ. ಆದ್ರೆ ನಿಮ್ಮ ಒಪ್ಪಂದ ನಿಂತಿರೋದು ಅವಳ ಮೇಲೆ. ಇದು ಬಗೆಹರೀದೆ ನಾನು ಮುಂದೆ ಹೋಗೋಕಾಗಲ್ಲ."

ಅವರಿಬ್ಬರಿಗೂ ಅದು ಕೇಳಿಸಲಿಲ್ಲ. ಪರದೆ, ಬೀರು, ಸೆಕೆ, ಯಾವುದೋ ಹಳೆಯ ಜ್ವರ, ಆ ಜ್ವರದಲ್ಲಿ ಯಾರು ಎದ್ದು ಕೂತಿದ್ದರು ಎನ್ನುವುದು. ಎತ್ತು ಏರಿಗೆ, ಕೋಣ ನೀರಿಗೆ. ಆದರೂ ಇಬ್ಬರ ನಡುವೆ ಮಾತು ಹರಿಯುತ್ತಿತ್ತು, ಮಗಳ ಹಂಗಿಲ್ಲದೆ, ಬಿಸಿಬಿಸಿಯಾಗಿ. ಅಮ್ಮನ ಬೆರಳು ಅಪ್ಪನ ತೋಳನ್ನು ತಿವಿಯುತ್ತಿತ್ತು. ಮಗಳು ಉಸಿರು ಬಿಗಿಹಿಡಿದು ಕೇಳಿದಳು. ಸುಮ್ಮನಿದ್ದರೆ ಸಾಕು. ಜೀವಮಾನವಿಡೀ ಮಾಡಿದ್ದನ್ನೇ ಇನ್ನೊಂದು ಸಲ ಮಾಡಿದರೆ ಸಾಕು, ಇದು ಇವತ್ತು ಕೋರ್ಟಿಗೆ ಹೋಗುವುದಿಲ್ಲ. ಮುಂದಿನ ವಾರವೂ ಹೋಗುವುದಿಲ್ಲ. ಅವಳ ಮೌನ ಹಿಡಿದಷ್ಟು ಕಾಲ ಇವರಿಬ್ಬರೂ ಹೀಗೆ ಒಂದೇ ಸೋಫಾದ ಮೇಲೆ ಕೂತು ಅವಳಿಗಾಗಿ ಜಗ್ಗಾಡುತ್ತಲೇ ಇರಬಹುದು. ಅದೂ ಒಂದು ಮನೆಯೇ ಅಲ್ಲವೇ?

"ಮಗಳನ್ನೇ ಕೇಳೋಣ," ವಕೀಲೆ ದನಿ ಏರಿಸಿದರು. "ಮುಂದೆ ಬಾಮ್ಮ, ಮುಖ ಕಾಣಲಿ."

ಅವಳು ಎದ್ದು ಬಂದಳು. ಕೂರಲು ಜಾಗವಿರಲಿಲ್ಲ. ಅಪ್ಪ ಅಮ್ಮ ಆಚೀಚೆ ಸರಿದು ನಡುವೆ ಜಾಗ ಬಿಟ್ಟರು. ಫೋನಿನ ಮೂಲೆಯ ಪುಟ್ಟ ಚೌಕದಲ್ಲಿ ಮೂರು ಮುಖಗಳು ಮೂಡಿದವು. ಅಪ್ಪನ ಭುಜದ ಬಿಸಿ ಒಂದು ಕಡೆ, ಅಮ್ಮನದು ಇನ್ನೊಂದು ಕಡೆ.

"ಹೇಳು ಮರಿ."

"ಹೇಳು ಪುಟ್ಟಿ, ಹೆದರ್ಬೇಡ."

ಅವಳು ಹೇಳಿದಳು. ತುಟಿ ಅಲ್ಲಾಡಿತು, ದನಿ ಎದೆಯಿಂದ ಮೇಲಕ್ಕೆ ಬರಲಿಲ್ಲ. ಪಕ್ಕದಲ್ಲಿದ್ದ ಇಬ್ಬರಿಗೆ ಮಾತ್ರ ಕೇಳಿಸಿತು.

"ಏನಂದ್ಲು? ಇಲ್ಲಿಗೆ ಕೇಳಿಸ್ಲಿಲ್ಲ," ಎಂದರು ವಕೀಲೆ.

ಅಪ್ಪ ಗಂಟಲು ಸರಿಮಾಡಿಕೊಂಡ. "ಅದು... ಸ್ವಲ್ಪ ಯೋಚನೆ ಮಾಡಿ ಹೇಳ್ತಾಳಂತೆ ಮೇಡಂ."

"ಹೌದು, ಇಬ್ರೂ ಒಂದೇ ಅವಳಿಗೆ, ಬೇಜಾರು ಮಾಡ್ಕೋಬಾರದು ಅಂತಿದಾಳೆ," ಅಮ್ಮ ಸೇರಿಸಿದಳು, ಅವಸರದಲ್ಲಿ.

ಮಗಳು ಒಮ್ಮೆ ಅಪ್ಪನ ಮುಖ ನೋಡಿದಳು, ಒಮ್ಮೆ ಅಮ್ಮನದು. ಎಷ್ಟು ಸಲೀಸಾಗಿ ಕಲಿತಿದ್ದರು! ಅಥವಾ ಅವರಿಗೆ ಮೊದಲಿಂದಲೂ ಗೊತ್ತಿತ್ತೇ, ಅಡುಗೆಮನೆಗೆ ಬರುತ್ತಿದ್ದ, ಹಜಾರಕ್ಕೆ ಬರುತ್ತಿದ್ದ ಆ ಮೆತ್ತನೆ ಮಾತುಗಳು ಯಾರವೆಂದು? ಅಮ್ಮನ ಕಣ್ಣು ಬೇಡಿಕೊಳ್ಳುತ್ತಿತ್ತು. ಅಪ್ಪನ ಕಣ್ಣೂ ಅದನ್ನೇ.

"ಹಾಗಲ್ಲ ಮೇಡಂ ನಾನು ಹೇಳಿದ್ದು," ಎಂದಳು. ಈ ಸಲ ದನಿ ಬಂತು. ಒಡಕು ದನಿ, ಆದರೆ ಕೋಣೆಯ ತುಂಬ ಕೇಳಿಸುವಷ್ಟು. ಫೋನಿನೊಳಗೆ ಕಪಾಟಿನ ಮೇಲಿನ ಬೆಕ್ಕು ತಲೆಯೆತ್ತಿತು. "ನಾನು ಇಬ್ರ ಜೊತೆಗೂ ಹೋಗಲ್ಲ. ನಂಗೆ ಸುಸ್ತಾಗಿದೆ."

ಅಮ್ಮ ಕೈ ಚಾಚಿ, ಫೋನಿನ ಗಾಜಿನ ಮೇಲೆ ಕೂತಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು, ಮೂರು ಮುಖಗಳಿದ್ದ ಮೂಲೆಯನ್ನು ಮಾತ್ರ.