ನೆಲದಿಂದ ಅಳೆದದ್ದು

ನನ್ನ ಹೆಂಡತಿ ದೇವರ ಪಾದ ಸೇರಿ ಮೂರು ತಿಂಗಳಾಗಿತ್ತು. ಹೊಲಿಗೆ ಮಷಿನ್ನಿನ ಮುಂದೆ ಕುಳಿತ ಅವಳ ಅಗಲವಾದ ಫೋಟೋವನ್ನು ದೀಪದ ಹಲಗೆಯ ಮೇಲುಗಡೆ ಹಾಕಲು ಮಗಳು ಬಂದಳು. ಅವಳು ವೈರಿಂಗ್ ಕೆಲಸದವಳು. ಸ್ವಿಚ್ ಬೋರ್ಡುಗಳನ್ನು ಒಂದೇ ಮಟ್ಟಕ್ಕೆ ಕೂರಿಸುವ ಲೇಸರ್ ಲೆವೆಲ್ ಚೀಲದಲ್ಲೇ ಇತ್ತು.

"ಮೊದಲು ಆ ಹಲಗೆ ನೆಟ್ಟಗೆ ಮಾಡು," ಎಂದೆ. "ನಿಮ್ಮಮ್ಮ ಹೊಡೆದದ್ದು. ಮೂವತ್ತು ವರ್ಷದಿಂದ ಡೊಂಕು."

ನಾನು ಗಾರೆ ಕೆಲಸದವನು. ಈ ಕೋಣೆಯ ನೆಲ ನಾನೇ ಹಾಕಿದ್ದು, ಮಟ್ಟ ನೋಡುವ ರಸಮಟ್ಟ ಮುಟ್ಟದೆ, ಬರೀ ಕಣ್ಣಳತೆಯಲ್ಲಿ. ಹೆಂಡತಿ ದರ್ಜಿ. ಲಂಗದ ಅಂಚನ್ನು ನೆಲದಿಂದ ಮೇಲಕ್ಕೆ ಅಳೆಯುವುದು ಅವಳ ರೂಢಿ. ಹಲಗೆಗೂ ಹಾಗೆಯೇ, ಎರಡು ತುದಿಗೂ ನೆಲದಿಂದ ಟೇಪು ಹಿಡಿದು ಮೊಳೆ ಹೊಡೆದಿದ್ದಳು. ಡೊಂಕೆಂದು ನಾನು ನಕ್ಕಾಗ, "ನೆಲಾನೂ ಒಂದ್ಸಲ ನೋಡಿ," ಎಂದಿದ್ದಳು.

"ಕುಣಿಯಲಾರದವಳಿಗೆ ನೆಲ ಡೊಂಕಂತೆ," ಎಂದು ನೆಂಟರೆದುರೇ ಅಂದುಬಿಟ್ಟೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ನಾನು ಮಾತ್ರ ಬಂದವರಿಗೆಲ್ಲ ಹಲಗೆ ತೋರಿಸಿ ಅದೇ ಗಾದೆ ಹೇಳುತ್ತಿದ್ದೆ.

ಮಗಳು ಲೆವೆಲನ್ನು ಸ್ಟೂಲಿನ ಮೇಲಿಟ್ಟಳು. ಅದರ ಹಸಿರು ಬೆಳಕಿನ ಗೆರೆ ಗೋಡೆಯ ಮೇಲೆ ಒಂದು ಗಳಿಗೆ ತೂಗಾಡಿ ನಿಂತಿತು. ಹಲಗೆಯ ಎಡತುದಿಗೆ ಗೆರೆ ತಾಗಿತ್ತು. ಬಲತುದಿ ಒಂದು ಬೆರಳು ಕೆಳಗಿತ್ತು.

"ನೋಡಿದೆಯಾ?" ಎಂದೆ.

ಅವಳು ಗೆರೆಯಿಂದ ನೆಲದವರೆಗೆ ಎರಡು ಕಡೆ ಅಳೆದಳು. ಬಲಗಡೆ ಒಂದು ಬೆರಳು ಹೆಚ್ಚು.

"ಅಮ್ಮನ ಅಳತೆ ಸರಿಯಾಗೇ ಇದೆ ಅಪ್ಪ. ಇಳಿದಿರೋದು ನೆಲ."

"ಆ ಲೇಸರ್ ಡಬ್ಬಿ ಕೆಟ್ಟಿರಬೇಕು."

"ಡಬ್ಬಿಗೂ ಕುಣಿಯೋಕೆ ಬರಲ್ಲ ಅಂತೀಯಾ?"

ಡಬ್ಬಿಯನ್ನು ಬೇರೆ ಕಡೆಯಿಟ್ಟು ಇನ್ನೊಮ್ಮೆ ನೋಡಿದಳು. ಅದೇ ಒಂದು ಬೆರಳು. ನಾನು ಮಂಚದ ಮೇಲೆ ಕುಳಿತೆ.

ಅವಳು ಹಲಗೆಯ ದೀಪವನ್ನೆತ್ತಿ, ಅದರಡಿಯ ಬಟ್ಟೆಯನ್ನು ನನ್ನ ಕೈಗಿಟ್ಟಳು. ಚೆಲ್ಲಿದ ಎಣ್ಣೆ ಹೀರಲೆಂದು ಇಟ್ಟದ್ದೆಂದೇ ನಾನು ತಿಳಿದಿದ್ದೆ. ಬಲಗಡೆ ಮೂರು ಮಡಿಕೆ, ಎಡಗಡೆ ಒಂದೇ. ಸುತ್ತಲೂ ಸಣ್ಣ ಹೊಲಿಗೆ. ದೀಪ ವಾಲದಿರಲಿ ಎಂದು.

"ಮಷಿನ್ನಿನ ಕಾಲಡಿಯಲ್ಲೂ ಇಂಥದ್ದೇ ಇದೆ," ಎಂದಳು ಮಗಳು. "ಚಿಕ್ಕವಳಿದ್ದಾಗ ಯಾಕಮ್ಮ ಅಂತ ಕೇಳಿದ್ದೆ. 'ಈ ನೆಲ ಹಾಕಿದ ದಿನ ನಿಮ್ಮಪ್ಪ ಎಷ್ಟು ಖುಷಿಯಾಗಿದ್ರು ಗೊತ್ತಾ? ಸುಮ್ಮನಿರು' ಅಂದ್ಲು."

ನಾನು ಕಣ್ಣು ಮುಚ್ಚಿದೆ. ದೇವರೇ, ಅವಳು ನಿನ್ನ ಬಳಿ ಇದ್ದಾಳೆ. ತಪ್ಪು ನನ್ನದೆಂದು ಅವಳಿಗೆ ಹೇಳು, ಎಂದು ಬೇಡಿಕೊಂಡೆ. ಬಟ್ಟೆಯಲ್ಲಿ ಇನ್ನೂ ಎಣ್ಣೆಯ ಪಸೆಯಿತ್ತು.

"ಹಲಗೆ ಬಿಚ್ಚಲಾ?"

"ಮುಟ್ಟಬೇಡ."

"ಫೋಟೋನಾದ್ರೂ ಗೆರೆಗೆ ಸರಿಯಾಗಿ ಹಾಕಲಾ?"

ಮಷಿನ್ನಿನ ಡ್ರಾಯರಿನಿಂದ ಹೆಂಡತಿಯ ಟೇಪು ತೆಗೆದೆ. ಅಂಕಿಗಳು ಅರ್ಧ ಅಳಿಸಿಹೋಗಿದ್ದವು. ಗೋಡೆಯ ಬಳಿ ಮಂಡಿಯೂರಿ, ಅದರ ತುದಿಯನ್ನು ನಾನು ಹಾಕಿದ ನೆಲಕ್ಕೆ ಒತ್ತಿ ಹಿಡಿದೆ.

"ಇಲ್ಲಿಂದ ಅಳೆ."

"ಡೊಂಕಾಗತ್ತೆ ಅಪ್ಪ. ಬಂದವರು ಕೇಳ್ತಾರೆ."

"ಕೇಳಲಿ. ನೆಲ ಹಾಕಿದವನು ನಾನಿದೀನಲ್ಲ, ಹೇಳ್ತೀನಿ."

ಮಗಳು ಲೇಸರ್ ಆರಿಸಿ, ಟೇಪಿನ ಇನ್ನೊಂದು ತುದಿ ಹಿಡಿದು ಸ್ಟೂಲು ಹತ್ತಿದಳು.